ನೂರಿಪ್ಪತ್ತೆರಡು ಜ್ಯಾಕ್‌ಗಳು

2024ರ ನವೆಂಬರ್ 12, ಮಂಗಳವಾರ, ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ವಾಯುವ್ಯ ಲಂಡನ್ನಿನ ಠಾಣೆಗೊಂದು ದೂರು ಬಂತು. ದೂರು ಕೊಟ್ಟವಳು ಹೆಲೆನ್ ಪ್ರೈಸ್, ಪಿಯಾನೊಗಿಂತ ಹಳೆಯ ತಂತಿವಾದ್ಯವಾದ ಹಾರ್ಪ್ಸಿಕಾರ್ಡಿನ ವಾದಕಿ. ಹ್ಯಾರೋದ ಹಳೆಯ ಮನೆಯೊಂದರಲ್ಲಿ, ಇನ್ನೂರೈವತ್ತು ವರ್ಷದ ವಾದ್ಯದ ಮೇಲೆ, ಅದಕ್ಕಿಂತಲೂ ಹಳೆಯ ಇಂಗ್ಲಿಷ್ ಸಂಗೀತವನ್ನು ಅವಳು ರೆಕಾರ್ಡ್ ಮಾಡುತ್ತಿದ್ದಳು. ಕೀ ಒತ್ತಿದಾಗ ಮೇಲೆದ್ದು ತಂತಿ ಮೀಟುವ ತೆಳು ಮರದ ಪಟ್ಟಿಗಳಿಗೆ ಜ್ಯಾಕ್ ಎನ್ನುತ್ತಾರೆ. ಆ ನೂರಿಪ್ಪತ್ತೆರಡೂ ಕಳುವಾಗಿದ್ದವು.

ಲಂಡನ್ನಿನಲ್ಲಿ ಎಫ್‌ಐಆರ್ ಎಂಬ ಹೆಸರಿಲ್ಲ. ಅಪರಾಧ ಸಂಖ್ಯೆ ನಮೂದಾಯಿತು. 10.05ಕ್ಕೆ ಇನ್‌ಸ್ಪೆಕ್ಟರ್ ಗಾರ್ಗಿ ಮತ್ತು ಕಾನ್‌ಸ್ಟೆಬಲ್ ಓವೆನ್ ಸ್ಥಳ ತಲುಪಿದರು. ಬೀಗ ಒಡೆದಿರಲಿಲ್ಲ. ಬೆಲೆಬಾಳುವ ನಾಲ್ಕು ಮೈಕುಗಳು ಇದ್ದಲ್ಲೇ ಇದ್ದವು.

ಬಾಕಿ ಉಳಿದದ್ದು ಒಂದೇ ಕೃತಿ ಎಂದು ಹೆಲೆನ್ ವಿವರಿಸಿದಳು. ವಾದ್ಯ ಮಾರಾಟವಾಗಿತ್ತು, ಗುರುವಾರ ಅದು ಸಂಗ್ರಾಹಕನೊಬ್ಬನ ಗಾಜಿನ ಕಪಾಟು ಸೇರಲಿತ್ತು, ಮತ್ತೆ ಯಾರೂ ಅದನ್ನು ನುಡಿಸುವಂತಿಲ್ಲ. ಓವೆನ್ ಫೋಟೊ ತೆಗೆದು, ಬೆರಳಚ್ಚು ಎತ್ತಿದ. ಆಮೇಲೆ ಗಾರ್ಗಿ ಕೈಗವಸು ತೊಟ್ಟ ಬೆರಳಿನಿಂದ ಒಂದು ದಪ್ಪ ತಂತಿಯನ್ನು ಮೀಟಿದಳು. ಹೆಲೆನ್ ತಲೆಯೆತ್ತಿದಳು.

"ಇನ್ನೊಂದು ಸಲ ಮೀಟಿ."

ಗಾರ್ಗಿ ಮೀಟಿದಳು. ಪಕ್ಕದ್ದನ್ನೂ ಮೀಟಿದಳು.

"ನಿನ್ನೆ ಸಂಜೆ ಇವೆರಡೂ ಶ್ರುತಿ ಇಳಿದಿದ್ದವು. ಶ್ರುತಿ ಮಾಡುವವರಿಗೆಂದು ಹಾಳೆಯಲ್ಲಿ ಬರೆದಿಟ್ಟೇ ಹೋಗಿದ್ದೆ. ಈಗ ಸರಿಯಾಗಿವೆ."

ಕದಿಯಲು ಬಂದವನು ಮೊದಲು ಶ್ರುತಿ ಮಾಡಿ, ಆಮೇಲೆ ಜ್ಯಾಕ್ ತೆಗೆದಿದ್ದ. ಗಾರ್ಗಿ ಇಷ್ಟನ್ನೇ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಮನೆಯ ಕೀಲಿ ಇದ್ದದ್ದು ಮೂವರಲ್ಲಿ: ಮನೆಗೂ ವಾದ್ಯಕ್ಕೂ ಒಡೆಯನಾಗಿ ಜಿನೀವಾದಲ್ಲಿದ್ದ ಮಾಲೀಕ, ಹೆಲೆನ್, ಮತ್ತು ದಿನಾ ಬೆಳಿಗ್ಗೆ ಏಳಕ್ಕೆ ಬಂದು ಶ್ರುತಿ ಮಾಡುತ್ತಿದ್ದ ಆನಂದತೀರ್ಥ. ಜ್ವರ, ಬರಲಾಗದು ಎಂದು ಆತ ಅಂದು 8.10ಕ್ಕೆ ಹೆಲೆನ್‌ಗೆ ಮೆಸೇಜ್ ಕಳಿಸಿದ್ದ.

12.40ಕ್ಕೆ ರೇನರ್ಸ್ ಲೇನ್‌ನಲ್ಲಿದ್ದ ಆನಂದತೀರ್ಥನ ಫ್ಲಾಟಿನ ಬಾಗಿಲು ತೆರೆದವನಿಗೆ ಎಪ್ಪತ್ತೊಂದು ವರ್ಷ. ಆಸ್ಪತ್ರೆಯೊಂದರ ಪ್ರಯೋಗಾಲಯದಿಂದ ನಿವೃತ್ತನಾದವನು, ಧಾರವಾಡದವನು. ಜ್ವರ ಇರಲಿಲ್ಲ. ಊಟದ ಮೇಜಿನ ಮೇಲೆ ಎರಡು ಬಿಸ್ಕತ್ತಿನ ಡಬ್ಬಿ, ಒಳಗೆ ಹತ್ತಿಯ ನಡುವೆ ಕ್ರಮಸಂಖ್ಯೆ ತಪ್ಪದಂತೆ ಜೋಡಿಸಿದ ಜ್ಯಾಕ್‌ಗಳು. ಓವೆನ್ ಎಣಿಸಿದ: ನೂರಿಪ್ಪತ್ತೆರಡು.

ಗಾರ್ಗಿ ಕಾನೂನಿನ ಎಚ್ಚರಿಕೆಯನ್ನು ಇಂಗ್ಲಿಷಿನಲ್ಲಿ ಓದಿದಳು. ಅವಳ ಹೆಸರು ಕೇಳಿದ ಮುದುಕ ಯಾವ ಊರಿನವರೆಂದು ವಿಚಾರಿಸಿದ. ತಂದೆಯ ಊರು ಧಾರವಾಡ, ತಾನು ಬೆಳೆದದ್ದು ಇಲ್ಲೇ ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ಎಂದಳು.

"ಕನ್ನಡಾ ಮಾತಾಡೋರು ಮನಿಗೆ ಬರಬೇಕಾದ್ರ ಕಳುವ ಮಾಡಬೇಕಾತು ನೋಡವಾ."

"ಯಾಕ್ ತಗೊಂಡ್ರಿ, ಕಾಕಾ?"

"ರೆಕಾರ್ಡಿಂಗ್ ಮುಗಿಯೂ ತನಕಾ ವಾದ್ಯ ಕಳಸೂದಿಲ್ಲ ಅಂತ ಮಾಲಕ ಮಾತು ಕೊಟ್ಟಿದ್ದ. ಮುಗೀಲಿಕ್ಕೇ ಬಿಡಬಾರದು ಅನಿಸ್ತು."

"ಹಂಗಿದ್ರ ಶ್ರುತಿ ಯಾಕ್ ಮಾಡಿದ್ರಿ?"

"ಹೋದಕೂಡ್ಲೆ ಅದನ್ನ ಮಾಡ್ತೇನಿ. ಇಳದಿದ್ದನ್ನ ಹಂಗ ಬಿಟ್ಟು ಹೆಂಗ್ ಬರ್ಲಿ?"

1.15ಕ್ಕೆ ಬಂಧನ. ಹೆಂಡತಿ ಜಯಾ ತೀರಿಕೊಂಡು ಮೂರು ವರ್ಷವಾಗಿತ್ತು, ಮಕ್ಕಳಿಲ್ಲ. ಅಂದಿನಿಂದ ಅವನು ಪ್ರತಿದಿನ ಹೊರಬೀಳುತ್ತಿದ್ದದ್ದು ಶ್ರುತಿ ಮಾಡುವ ಆ ಒಂದು ಕೆಲಸಕ್ಕೆ ಮಾತ್ರ. ಗುರುವಾರದಿಂದ ಏಳು ಗಂಟೆಗೆ ಹೋಗಲು ಯಾವ ಜಾಗವೂ ಇರುತ್ತಿರಲಿಲ್ಲ ಎಂದು ಹೇಳಿಕೆಯಲ್ಲಿ ದಾಖಲಾಗಿದೆ. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕೆಂದು ಠಾಣೆಯಲ್ಲಿ ಗಾರ್ಗಿ ಕೇಳಿದಳು.

"ಹೆಲೆನ್‌ಗ ಹೇಳು," ಎಂದ ಅವನು, "ನಾಳೆ ನಾ ಬರೂದಿಲ್ಲಂತ."

ಸಂಜೆ ಅವನಿಗೆ ಜಾಮೀನು ಸಿಕ್ಕಿತು, ಆ ಮನೆಯ ಹತ್ತಿರ ಹೋಗಬಾರದೆಂಬ ಷರತ್ತಿನ ಮೇಲೆ. ಬುಧವಾರ ಬೆಳಿಗ್ಗೆ 7 ಗಂಟೆಗೆ ಗಾರ್ಗಿ ಫೋಟೊ ದಾಖಲೆ ಮುಗಿಸಿದ ಜ್ಯಾಕ್‌ಗಳನ್ನು ಹೆಲೆನ್‌ಗೆ ಒಪ್ಪಿಸಿ ಸಹಿ ಪಡೆದಳು. ಕೊನೆಯ ಕೃತಿ ಇವತ್ತೇ ಆಗುತ್ತದೆ, ಶ್ರುತಿ ತಾನೇ ಮಾಡಿಕೊಳ್ಳಬೇಕು, ಮಧ್ಯಾಹ್ನವಾದೀತು ಎಂದಳು ಹೆಲೆನ್. ಜ್ಯಾಕ್‌ಗಳನ್ನು ಒಂದೊಂದಾಗಿ ಇಳಿಸಿ, ನಡುವಿನ ಎ ಸ್ವರವನ್ನು ಒತ್ತಿ, ಮಾಪಕ ನೋಡಿದಳು. 415 ಹರ್ಟ್ಸ್ ಇರಬೇಕಾಗಿತ್ತು. ಆನಂದತೀರ್ಥ ಶ್ರುತಿ ಮಾಡಿ ಒಂದೇ ದಿನಕ್ಕೆ ಅದು ಇಳಿದು 412 ಆಗಿತ್ತು.