ಕೆಳಗಿನ ಏಳು ಕಂಡಿಗಳು

ಮಂಗಳವಾರ ಬೆಳಿಗ್ಗೆ 8.10. ಹಸು ಸಾಕಿ ಹಾಲು ಮಾರುವ ಹೆಂಗಸೊಬ್ಬಳು ಪಶು ಆಹಾರದ ಮೂಟೆಯನ್ನೇ ಹೊತ್ತು ತಂದು ಠಾಣೆಯ ಮೇಜಿನ ಮೇಲೆ ಕುಕ್ಕಿದಳು.

"ಹನ್ನೊಂದು ಹಸು ಇದ್ವು ಸಾರ್, ನಾಲ್ಕು ಹೋದ್ವು. ಬೂಷ್ಟು ಹಿಡಿದ ಜೋಳದ ವಿಷ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಉಳಿದ ಏಳಕ್ಕೆ ಏನು ಹಾಕಲಿ, ನಿಮ್ಮ ಲಾಠೀನಾ?"

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಕೂತಲ್ಲಿ ಕೂರಲಾಗಲಿಲ್ಲ. ಅದೇ ಮಾಲಿನ ಇನ್ನೊಂದು ಲಾರಿ ಮಧ್ಯಾಹ್ನ ಒಂದಕ್ಕೆ ಆ ಪಶು ಆಹಾರದ ಕಾರ್ಖಾನೆಯಿಂದ ಹೊರಡಲಿತ್ತು. ವಿಷ ಹಸುವಿನ ಹೊಟ್ಟೆಯಲ್ಲೇ ನಿಲ್ಲದೆ ಹಾಲಿಗೂ ಇಳಿಯುತ್ತದೆ ಎಂದು ಡಾಕ್ಟರು ಬರೆದಿದ್ದರು. ಮೇಜಿನ ಮೇಲಿದ್ದ ಚಹಾವನ್ನು ಅವರು ಅತ್ತ ಸರಿಸಿದರು.

9.40ಕ್ಕೆ ಕಾರ್ಖಾನೆ. ಒದ್ದೆ ಕಾಳು ಒಣಗಿಸುವ ಯಂತ್ರದ ಬಾಯಿಗೆ ಜೇಡ ಬಲೆ ನೇಯ್ದಿತ್ತು. ಮ್ಯಾನೇಜರ್ ಫೈಲು ಹರಡಿದ.

"ಇಪ್ಪತ್ತಾರು ಲಾರಿ ಜೋಳ ಬಂತು, ಬೂಷ್ಟಿನ ಪರೀಕ್ಷೇಲಿ ಇಪ್ಪತ್ತಾರೂ ಪಾಸ್."

"ಯಾರೂ ಫೇಲಾಗದ ಪರೀಕ್ಷೆ!" ಎಂದಳು ಜೊತೆಗೆ ಬಂದಿದ್ದ ಹೆಡ್ ಕಾನ್‌ಸ್ಟೆಬಲ್. "ನನ್ನ ಮಗನ್ನ ಇಲ್ಲಿಗೇ ಸೇರಿಸಬೇಕಿತ್ತು ಸಾರ್."

"ಯಂತ್ರ ಯಾಕೆ ನಿಂತಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಡೀಸೆಲ್ ಕುಡಿಯುತ್ತೆ. ನಾನೇ ನಿಲ್ಲಿಸಿದೆ."

ಅಂಗಳದಲ್ಲಿ ಸ್ಯಾಂಪಲ್ ತೆಗೆಯುವ ಮುದುಕ ಮೂಗಿಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಇನ್ಸ್‌ಪೆಕ್ಟರ್ ಹೇಳಿದ ಮೇಲೆ ಜೋಳ ತುಂಬಿ ನಿಂತಿದ್ದ ಲಾರಿ ಹತ್ತಿ ಆಳುದ್ದದ ಹಿತ್ತಾಳೆ ಕೊಳವೆಯನ್ನು ಕಾಳಿನೊಳಗೆ ಇಳಿಸಿದ. ಮೇಲಿಂದ ಕೆಳಗಿನವರೆಗೆ ಹತ್ತು ಕಂಡಿಗಳು. ಒಂದೊಂದು ಆಳದ ಕಾಳು ಒಂದೊಂದರಿಂದ ಒಳಬರಬೇಕು. ತಟ್ಟೆಗೆ ಬಿದ್ದದ್ದು ಮೂರೇ ಹಿಡಿ, ಬಂಗಾರದಂಥ ಜೋಳ.

ಇನ್ಸ್‌ಪೆಕ್ಟರ್ ಕೊಳವೆಯ ಮೇಲೆ ಬೆರಳಾಡಿಸಿದರು. ಕೆಳಗಿನ ಏಳೂ ಕಂಡಿಗಳಿಗೆ ಮೇಣ ಮೆತ್ತಿತ್ತು.

10.25ಕ್ಕೆ ತೂಕದವರಿಬ್ಬರನ್ನು ಪಂಚರಾಗಿ ನಿಲ್ಲಿಸಿ ಪಂಚನಾಮೆ ಶುರುವಾಯಿತು. ಮೇಣ ಕೆರೆದು ಮತ್ತೆ ಇಳಿಸಿದರೆ ಹಸಿರುಗಪ್ಪು ಹೆಂಟೆಗಳು ಬಂದವು, ಜೊತೆಗೆ ಹೊಗೆಯಂತೆ ಧೂಳು. ಮುದುಕ ಬಾಗಿ ಕೆಮ್ಮಿದ. ಟವೆಲಿನ ಮೇಲೆ ರಕ್ತದ ಕಲೆ.

"ಈ ಮೇಣ ಯಾರು ಹೇಳಿ ಮೆತ್ತಿಸಿದ್ದು?" ಇನ್ಸ್‌ಪೆಕ್ಟರ್ ಅವನನ್ನು ಕೇಳಿದರು.

"ಯಾರೂ ಇಲ್ಲ. ನಾನೇ."

"ದುಡ್ಡು ಏನಾದ್ರೂ ಕೊಟ್ರಾ?"

"ಅಯ್ಯೋ ಸಾರ್, ಕೊಡೋ ಕೈ ಆಗಿದ್ರೆ ಒಂದು ಮಾಸ್ಕ್ ಕೊಡ್ತಿರಲಿಲ್ವಾ?"

ಮ್ಯಾನೇಜರನ ಡ್ರಾಯರಿನಲ್ಲಿ ಮುದುಕ ಕೊಟ್ಟಿದ್ದ ಹದಿನಾಲ್ಕು ಅರ್ಜಿಗಳು ಸಿಕ್ಕವು. ಹದಿನಾಲ್ಕರಲ್ಲೂ ಒಂದೇ ಬೇಡಿಕೆ: ಧೂಳಿಗೆ ಮಾಸ್ಕ್. ಒಂದರ ಮೇಲೂ ಮ್ಯಾನೇಜರನ ಮಂಜೂರಾತಿ ಸಹಿ ಇರಲಿಲ್ಲ.

12.30ಕ್ಕೆ ಗೋದಾಮಿಗೆ ಸೀಲು ಬಿತ್ತು. ಲಾರಿ ಹೊರಡಲಿಲ್ಲ. ಇನ್ಸ್‌ಪೆಕ್ಟರ್ ಆ ಹೆಂಗಸಿಗೆ ಫೋನ್ ಮಾಡಿದರು: "ಏಳಕ್ಕೂ ಬರೀ ಹುಲ್ಲು ಹಾಕು ತಾಯಿ."

"ಇವತ್ತಿನ ಹಾಲು?"

"ಚೆಲ್ಲು."

ಆ ಕಡೆ ಪಾತ್ರೆ ಕವುಚಿದ ಸದ್ದು ಕೇಳಿಸಿತು.

ಮ್ಯಾನೇಜರ್ ಒಂದನೇ ಆರೋಪಿ, ಮುದುಕ ಎರಡನೆಯವನು. ಜೀಪು ಹತ್ತುವಾಗ ಮ್ಯಾನೇಜರ್ ಕೂಗಾಡಿದ: "ಕೂಲಿಯವನು ಮಾಡಿದ್ದಕ್ಕೆ ನನ್ನನ್ನ್ಯಾಕೆ ಎಳೀತೀರಿ?"

"ಜಾಗ ಬೇಕಾದಷ್ಟಿದೆ, ಮುಂದೆ ಸರೀರಿ," ಎಂದಳು ಹೆಡ್ ಕಾನ್‌ಸ್ಟೆಬಲ್.

3.15ಕ್ಕೆ ಹೇಳಿಕೆ ಬರೆದುಕೊಳ್ಳುವಾಗ ಇನ್ಸ್‌ಪೆಕ್ಟರ್ ಮುದುಕನನ್ನು ಕೇಳಿದರು: "ಆ ಬೂಷ್ಟು ಜೋಳಾನ ಹಸುಗಳು ತಿಂತಾವೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು ಸಾರ್. ಆದ್ರೆ ಕೆಳಗಿನ ಕಂಡಿ ಮುಚ್ಚಿದ್ರೆ ಧೂಳು ಮೇಲೆ ಬರ್ತಿರಲಿಲ್ಲ. ಹಸು ನನ್ನ ಕಣ್ಣಿಗೆ ಬೀಳ್ತಿರಲಿಲ್ಲ. ಧೂಳು ದಿನಾ ಬೀಳ್ತಿತ್ತು."