ಖಾಲಿ ಬಂಗಲೆಯೊಳಗಿನ ದನಿ

ಕಗ್ಗದಾಸಪುರದಲ್ಲೇ ಬೆಳೆದಿದ್ದರೂ ನಾನು ಬ್ರಿಟಿಷರ ಕಾಲದ ದಂಡು ಪ್ರದೇಶವನ್ನು ಸರಿಯಾಗಿ ನೋಡಿರಲಿಲ್ಲ. ಹೋದ ತಿಂಗಳು ಒಂದು ದಿನದ ಸುತ್ತಾಟಕ್ಕೆ ಗೈಡ್ ಗೊತ್ತು ಮಾಡಿಕೊಂಡೆ. ಹೆಸರು ಸಿದ್ರಾ, ಫ್ರೇಜರ್ ಟೌನಿನ ಚುರುಕು ಹುಡುಗಿ.

ಹಲಸೂರು ಸುತ್ತಿ, ಮಧ್ಯಾಹ್ನ ಒಂದು ಖಾಲಿ ಬಂಗಲೆಗೆ ಬಂದೆವು. ಸಿದ್ರಾ ಬೀಗ ತೆಗೆಯುತ್ತಿದ್ದಂತೆ ಅವಳಿಗೆ ಫೋನ್ ಬಂತು. “ನೀವು ಒಳಗೆ ನೋಡ್ತಿರಿ ಅಕ್ಕ, ಬಂದೆ,” ಎಂದು ಜಗಲಿಯಲ್ಲೇ ನಿಂತಳು.

ಹೊರಗೆ ಸುಡುಬಿಸಿಲು. ಒಳಗೆ ಮಾತ್ರ ಚಪ್ಪಲಿ ದಾಟಿ ಪಾದಕ್ಕೆ ಕೊರೆಯುವಷ್ಟು ನೆಲ ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಸಿದ್ರಾಳ ದನಿ ಕೇಳಿಸಿತು. “ಇಲ್ಲಿ ಬನ್ನಿ ಅಕ್ಕ, ಇದು ಮಕ್ಕಳ ಕೋಣೆ.” ಹಿತ್ತಲಿಂದ ಬಂದಿರಬೇಕು ಎಂದುಕೊಂಡು ಹೋದೆ. ಅಲ್ಲಿ ಯಾರೂ ಇರಲಿಲ್ಲ. ದನಿ ಅದರಾಚೆಯ ಕೋಣೆಯಿಂದ ಕರೆಯುತ್ತಿತ್ತು.

“ಇಲ್ಲಿ ಕೊನೆಗೆ ಯಾರಿದ್ರು?” ಎಂದು ಕೂಗಿ ಕೇಳಿದೆ.

ಉತ್ತರ ನನ್ನ ಬೆನ್ನ ಹಿಂದಿನ ಜಗಲಿಯಿಂದ ಬಂತು. “ಅಕ್ಕ, ಒಬ್ರೇ ಯಾರ ಹತ್ರ ಮಾತಾಡ್ತಿದ್ದೀರಾ? ನಾನಿನ್ನೂ ಇಲ್ಲೇ ಇದ್ದೀನಿ.”

ಹೊರಗೆ ಓಡಿಬಂದು, “ಬೀಗ ಹಾಕು, ಹೋಗೋಣ,” ಎಂದೆ. ಅವಳು ಬಾಗಿಲೆಳೆದು ಬೀಗ ಹಾಕುತ್ತಿದ್ದಾಗ ಒಳಗಿಂದ ನನ್ನದೇ ದನಿ ಕೇಳಿಸಿತು.

“ಸಿದ್ರಾ, ಬೀಗ ಹಾಕ್ಬೇಡ. ನಾನಿನ್ನೂ ಒಳಗಿದ್ದೀನಿ.”

ಸಿದ್ರಾ ಬಾಗಿಲ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಮೆಲ್ಲಗೆ ಹಿಂದಕ್ಕೆ ಸರಿದಳು.