ನೆಲಮಾಳಿಗೆಯ ಗುಲಾಬಿ ಕಾರ್ಡುಗಳು

2008ರ ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 10.20ಕ್ಕೆ ಒಹಾಯೊದ ಮೆರಿಡಿತ್ ಕೌಂಟಿಯ ಶೆರಿಫ್ ಠಾಣೆಗೆ ಇಬ್ಬರು ಒಟ್ಟಿಗೆ ಬಂದರು. ಮುಂದೆ ಬಂದವರು ನ್ಯಾಯಾಲಯದ ಮುಖ್ಯ ಗುಮಾಸ್ತ ಗಾರ್ತ್ ಎಬರ್‌ಸೋಲ್. ಅವರ ಹಿಂದೆ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು, ಟೈರ್ ಅಂಗಡಿಯ ಕೆಲಸಗಾರ ವೆಂಡೆಲ್ ಟ್ಯಾಕೆಟ್, ವಯಸ್ಸು ಐವತ್ತೊಂದು.

ಡಿಟೆಕ್ಟಿವ್ ಸಾರ್ಜೆಂಟ್ ಡೇಲ್ ಹಾಸ್ಟೆಟ್ಲರ್ ಇಬ್ಬರಿಗೂ ಕುರ್ಚಿ ತೋರಿಸಿದ.

"ನಮ್ಮ ನೆಲಮಾಳಿಗೆಯಿಂದ ಒಂದು ಕಡತ ಹೋಗಿದೆ," ಎಂದರು ಎಬರ್‌ಸೋಲ್. "ಕ್ರಿಮಿನಲ್ ಕಡತ, 1978ರದ್ದು. ಇವರದ್ದೇ."

"ನಿಮ್ಮ ಕಡತ ಕಳೆದುಹೋದ್ರೆ ನಿಮಗೆ ಒಳ್ಳೇದೇ ಅಲ್ವೇನ್ರೀ?" ಬಾಗಿಲ ಬಳಿ ನಿಂತಿದ್ದ ಡೆಪ್ಯುಟಿ ಕರ್ಟಿಸ್ ಬಾಗ್ಸ್ ನಕ್ಕ.

ವೆಂಡೆಲ್ ನಗಲಿಲ್ಲ. ಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ರಾಜ್ಯದ ಬೆರಳಚ್ಚು ವಿಭಾಗದಿಂದ ಬಂದದ್ದು, ಒಂದೇ ಸಾಲು: ಶಸ್ತ್ರಸಹಿತ ಮನೆಗಳ್ಳತನ, ಬಂಧನ 1978, ಫಲಿತಾಂಶ ತಿಳಿದಿಲ್ಲ.

"ಶಸ್ತ್ರ ಇರ್ಲಿಲ್ಲ ಸರ್. ಕುಡಿದು ಪಕ್ಕದ್ಮನೆ ಶೆಡ್ಡಿಗೆ ನುಗ್ಗಿದ್ದೆ. ಇಪ್ಪತ್ತೊಂದು ವರ್ಷ ನಂಗೆ. ಜಡ್ಜ್ ಸಾಹೇಬ್ರು ಅದನ್ನ ಸಣ್ಣ ಕಳ್ಳತನಕ್ಕೆ ಇಳ್ಸಿದ್ರು, ಎಂಟು ತಿಂಗಳು ಒಳಗಿದ್ದು ಬಂದೆ. ಅಷ್ಟೂ ಆ ಕಡತದಲ್ಲೇ ಇರೋದು, ಬೇರೆಲ್ಲೂ ಇಲ್ಲ."

"ಈಗ ಯಾಕೆ ಬೇಕು?"

"ಮೊಮ್ಮಗಳು ಸರ್. ಟೆಸ್ಸಾ. ಮಗಳು ತೀರ್ಕೊಂಡ್ಳು, ಮಾರ್ಚಲ್ಲಿ. ಮಗುನ ಸರ್ಕಾರದವರು ಬೇರೆಯವರ ಮನೇಲಿಟ್ಟಿದಾರೆ. ಶುಕ್ರವಾರ ಮೂರು ಗಂಟೆಗೆ ಕೋರ್ಟು ತೀರ್ಮಾನ ಮಾಡುತ್ತೆ. ಶಸ್ತ್ರ ಹಿಡಿದು ಮನೆಗೆ ನುಗ್ಗಿದವನಿಗೆ ಮಗು ಕೊಡೋಕಾಗಲ್ಲ ಅಂದ್ರು. ಇಲ್ಲ ಅಂತ ತೋರಿಸೋ ಕಾಗದ ತನ್ನಿ ಅಂದ್ರು."

ಕರ್ಟಿಸ್ ಹೊರಗೆ ಹೋಗಿ ಒಂದು ಲೋಟ ಕಾಫಿ ತಂದು ವೆಂಡೆಲ್‌ನ ಕೈಗಿಟ್ಟ. 10.55ಕ್ಕೆ ದೂರು ದಾಖಲಾಯಿತು.

ಹಳೆಯ ನ್ಯಾಯಾಲಯದ ಕಟ್ಟಡ ಬೀದಿಯ ಆಚೆಗೇ ಇತ್ತು. ಡೇಲ್ ಮತ್ತು ಕರ್ಟಿಸ್ ವೆಂಡೆಲ್‌ನನ್ನೂ ಕರೆದುಕೊಂಡು ಅಲ್ಲಿಗೆ ಹೋದರು. ಒಳಗೆ ಕಾಲಿಟ್ಟರೆ ದಾಖಲೆಗಳ ಕಿಟಕಿ. ಕಿಟಕಿಯ ಪಕ್ಕದಲ್ಲಿ ಕೈಬರಹದ ಒಂದು ಸೂಚನೆ, ಅಂಚು ಹಳದಿಯಾಗಿತ್ತು: "ಯಾರ ದಾಖಲೆ ಬೇಕೋ ಅವರ ಪೂರ್ತಿ ಹೆಸರು, ಹುಟ್ಟಿದ ದಿನ, ಮೊಕದ್ದಮೆಯ ವರ್ಷ ಬರೆಯಿರಿ. ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಕೇಳಿ, ಒಟ್ಟಿಗೆ ಹುಡುಕೋಣ. ಯಾಕೆ ಬೇಕೆಂದು ಯಾರಿಗೂ ಹೇಳಬೇಕಾಗಿಲ್ಲ." ಅದರ ಕೆಳಗೆ ಬಟರ್‌ಸ್ಕಾಚ್ ಮಿಠಾಯಿಯ ಗಾಜಿನ ಬಟ್ಟಲು.

ಎರಡೂ ಲೊರೀನ್ ಕಿಬ್ಲರ್ ಅವರವು. ಮೂವತ್ತನಾಲ್ಕು ವರ್ಷದಿಂದ ಆ ಕಿಟಕಿಯ ಹಿಂದೆ ಕುಳಿತವರು. ಡೇಲ್ ಹೊಸ ಡೆಪ್ಯುಟಿಯಾಗಿದ್ದಾಗ ತಪ್ಪು ತುಂಬಿದ ವಾರಂಟುಗಳನ್ನು ನ್ಯಾಯಾಧೀಶರ ಕಣ್ಣಿಗೆ ಬೀಳುವ ಮೊದಲೇ ಹಿಂದಕ್ಕೆ ಕೊಟ್ಟು, ಪೆನ್ಸಿಲ್‌ನಲ್ಲಿ ಗುರುತು ಮಾಡಿ, "ಇಲ್ಲಿ ನೋಡಪ್ಪ," ಎನ್ನುತ್ತಿದ್ದರು.

"ಏನ್ ಡೇಲ್, ಸೊರಗಿದೀಯಲ್ಲ? ಮನೇಲಿ ಊಟ ಹಾಕ್ತಿಲ್ವಾ?"

"ಹಾಕ್ತಾರೆ ಮಿಸ್ ಲೊರೀನ್. ಟ್ಯಾಕೆಟ್ ಕಡತದ ವಿಷಯಕ್ಕೆ ಬಂದೆ."

"ಹೂಂ," ಎಂದು ಲೊರೀನ್ ನೆಲಮಾಳಿಗೆಯ ಕೀಲಿ ಕೊಟ್ಟರು. ಅವರು ವೆಂಡೆಲ್‌ನ ಕಡೆ ನೋಡಲಿಲ್ಲ. ಡೇಲ್ ಆಗ ಅದನ್ನು ಗಮನಿಸಿದ. ಅದಕ್ಕೆ ಅರ್ಥ ಕಟ್ಟಲಿಲ್ಲ.

ನೆಲಮಾಳಿಗೆಯಲ್ಲಿ ಕಬ್ಬಿಣದ ಕಪಾಟುಗಳ ಹದಿನಾರು ಸಾಲು. 1992ಕ್ಕಿಂತ ಹಿಂದಿನ ಎಲ್ಲ ಮೊಕದ್ದಮೆಗಳೂ ಕಾಗದದಲ್ಲಿ ಮಾತ್ರ ಇದ್ದವು, ನಂತರದವು ಕಾಗದದ ಜೊತೆ ಕಂಪ್ಯೂಟರಿನಲ್ಲೂ. ಅಲ್ಲಿಯ ನಿಯಮ ಒಂದೇ: ಕಡತ ತೆಗೆದರೆ ಅದರ ಜಾಗದಲ್ಲಿ ಗುಲಾಬಿ ಬಣ್ಣದ ಕಾರ್ಡು ಇಡಬೇಕು. ಯಾರು ಒಯ್ದರು, ಎಂದು, ಎಲ್ಲಿಗೆ ಎಂದು ಬರೆಯಬೇಕು. ಕಡತ ಮರಳಿದ ಮೇಲೆ ಕಾರ್ಡು ತೆಗೆಯಬೇಕು.

ವೆಂಡೆಲ್‌ನ ಕಡತದ ಜಾಗದಲ್ಲಿ ಕಾರ್ಡು ಇತ್ತು.

ಕರ್ಟಿಸ್ ಟಾರ್ಚ್ ಹಿಡಿದು ಓದಿದ. "ಜಡ್ಜ್ ಹ್ಯಾವರ್‌ಸ್ಟಿಕ್ ಅವರ ಕೋಣೆಗೆ, 2003ರ ಮೇ 6. ಸರಿ ಬಿಡಿ ಸಾರ್ಜ್, ಜಡ್ಜ್ ಹತ್ರ ಕೇಳಿದ್ರೆ ಆಯ್ತು."

"ಹ್ಯಾವರ್‌ಸ್ಟಿಕ್ ತೀರ್ಕೊಂಡಿದ್ದು '99ರಲ್ಲಿ. ಶವಪೆಟ್ಟಿಗೆಗೆ ನಾನೇ ಹೆಗಲು ಕೊಟ್ಟಿದ್ದೆ."

ಕರ್ಟಿಸ್ ಕಾರ್ಡನ್ನು ದೂರ ಹಿಡಿದ. "ಹಾಗಾದ್ರೆ ಅವರಿಗೆ ಅಲ್ಲೂ ಕೆಲಸ ಬಿಟ್ಟಿಲ್ಲ."

ಮಧ್ಯಾಹ್ನ ಪೂರ್ತಿ ಇಬ್ಬರೂ ಸಾಲು ಸಾಲಾಗಿ ನಡೆದರು. ಸಂಜೆ 4.40ಕ್ಕೆ ಮಹಜರು ಬರೆದಾಗ ಅಂಥ ಕಾರ್ಡುಗಳು ನಲವತ್ತೊಂದು ಸಿಕ್ಕಿದ್ದವು. ಎಲ್ಲವೂ ಹ್ಯಾವರ್‌ಸ್ಟಿಕ್ ಅವರ ಕೋಣೆಗೆ. ಅವುಗಳಲ್ಲಿ ಅವರು ಬದುಕಿದ್ದಾಗಿನದು ಒಂದೇ, 1998ರದ್ದು.

"ಇದೆಂಥಾ ಕಳ್ಳ ಸಾರ್ಜ್? ಕದ್ದು ಚೀಟಿ ಬರೆದಿಟ್ಟು ಹೋಗೋನು? ಸುಮ್ಮನೆ ಎತ್ಕೊಂಡ್ ಹೋಗಿದ್ರೆ ತಪ್ಪು ಜಾಗದಲ್ಲಿ ಸೇರಿರ್ಬೇಕು ಅಂತ ನಾವೇ ಬಿಡ್ತಿದ್ವಿ."

ಡೇಲ್ ಕಾರ್ಡನ್ನು ಅದರ ಸಂದಿಗೆ ಮರಳಿ ಸೇರಿಸಿದ. ಕಾರ್ಡು ಇಡದೆ ಕಪಾಟಿನಲ್ಲಿ ಸಂದು ಬಿಡಲು ಕೈ ಒಪ್ಪದವರು ಆ ಕಟ್ಟಡದಲ್ಲಿ ಒಬ್ಬರೇ ಇದ್ದರು. ಏಳರ ಅಂಕೆಯ ನಡುವೆ ಅಡ್ಡಗೆರೆ ಎಳೆಯುವ ಆ ಬರಹವನ್ನು ಅವನು ಮೊದಲ ಕಾರ್ಡಿನಲ್ಲೇ ಗುರುತಿಸಿದ್ದ. ಮೇಲೆ ಕಿಟಕಿಯ ಪಕ್ಕದಲ್ಲಿ ಅದೇ ಬರಹ ಎಲ್ಲರನ್ನೂ ಬರಮಾಡಿಕೊಳ್ಳುತ್ತಿತ್ತು.

ಆದರೂ ಬುಧವಾರ ಇಡೀ ದಿನ ಅವನು ಬೇರೆ ಕೆಲಸ ಮಾಡಿದ. ಕೀಲಿ ಒಯ್ದವರ ಪುಸ್ತಕ ನೋಡಿದ. ನಿವೃತ್ತ ಕಾವಲುಗಾರನನ್ನು ಕರೆಸಿ ವಿಚಾರಿಸಿದ. ಸಾರ್ವಜನಿಕರು ತುಂಬಿಕೊಟ್ಟ ಹಳೆಯ ಅರ್ಜಿಗಳ ಪೆಟ್ಟಿಗೆಗಳನ್ನು ಕರ್ಟಿಸ್‌ನಿಂದ ತೆಗೆಸಿದ. ಎಲ್ಲವೂ ತನಿಖೆಗೆ ಬೇಕಾದದ್ದೇ. ಆದರೆ ಅವನು ಮಾಡುತ್ತಿದ್ದದ್ದು ಕಾಲ ತಳ್ಳುವ ಕೆಲಸವೆಂದು ಅವನಿಗೇ ಗೊತ್ತಿತ್ತು.

ಸಂಜೆ ಐದಕ್ಕೆ ಕರ್ಟಿಸ್ ಒಂದು ಪಟ್ಟಿ ತಂದ. "ನೋಡಿ. ಕಳುವಾದ ಒಂದೊಂದು ಕಡತಕ್ಕೂ ಹಿಂದೆ ಯಾರೋ ಅರ್ಜಿ ಹಾಕಿದಾರೆ. ಬಾಡಿಗೆ ಮನೆಯವರು, ಅಂಗಡಿಯವರು, ಶಾಲೆಯವರು. ಟ್ಯಾಕೆಟ್‌ದನ್ನ ಕೇಳಿದ್ದು ಒಬ್ಬ ಮನೆ ಮಾಲೀಕ, 2003ರ ಮೇ 5. ಮಾರನೇ ದಿನ ಕಡತ ಮಾಯ. ಅರ್ಜಿ ತಗೊಂಡವರ ಸಹಿ ಎಲ್ಲದರಲ್ಲೂ ಒಂದೇ." ಅವನು ತಲೆ ಕೆರೆದುಕೊಂಡ. "ನಿಮಗೆ ನಿನ್ನೇನೇ ಗೊತ್ತಿತ್ತಲ್ವಾ?"

"ಹೂಂ."

"ವೆಂಡೆಲ್ ಎರಡು ಸಲ ಬಂದು ಹೊರಗೆ ಬೆಂಚಲ್ಲಿ ಕೂತಿದ್ದ. ಏನಾದ್ರೂ ಸಿಕ್ತಾ ಅಂತ ಕೇಳೋಕೂ ಸಂಕೋಚ ಪಾಪ, ಕೇಳದೇ ಹೋದ."

ಅಕ್ಟೋಬರ್ 16, ಗುರುವಾರ. ಶೋಧನಾ ವಾರಂಟಿನೊಂದಿಗೆ 8.10ಕ್ಕೆ ಡೇಲ್ ಲೊರೀನ್ ಅವರ ಮನೆಯ ಬಾಗಿಲು ತಟ್ಟಿದ. ಅವರು ಕೆಲಸಕ್ಕೆ ಹೊರಡಲು ಕೋಟು ಹಾಕಿಕೊಂಡಿದ್ದರು.

"ನಿನ್ನೆ ಬರ್ತೀಯ ಅಂದ್ಕೊಂಡಿದ್ದೆ," ಎಂದರು. "ಒಳಗ್ ಬನ್ನಿ. ಕರ್ಟಿಸ್, ಶೂ ಬಿಚ್ಬೇಡಪ್ಪ, ನೆಲ ತಣ್ಣಗಿದೆ."

"ಮಿಸ್ ಲೊರೀನ್, ನೀವು ಏನೂ ಹೇಳಬೇಕಾಗಿಲ್ಲ. ವಕೀಲರನ್ನ—"

"ಗೊತ್ತು ಕಣೋ. ಆ ಸಾಲನ್ನ ನಿನಗೆ ಬಾಯಿಪಾಠ ಮಾಡ್ಸಿದ್ದೇ ನಾನು. ಹೇಳಿ ಮುಗ್ಸು, ಅರ್ಧಕ್ಕೆ ಬಿಡ್ಬೇಡ. ನಾಳೆ ಕೇಸು ನಿಲ್ಲಲ್ಲ."

ಡೇಲ್ ಹೇಳಿ ಮುಗಿಸಿದ. ಅವರು ಪೂರ್ತಿ ಕೇಳಿ ತಲೆಯಾಡಿಸಿ, ಅಡುಗೆಮನೆಯ ಹಿಂದಿನ ಉಗ್ರಾಣದ ಬಾಗಿಲು ತೆರೆದರು. ಸೇಬಿನ ಮುರಬ್ಬದ ಬಾಟಲಿಗಳ ಕೆಳಗೆ ಮರದ ಪೆಟ್ಟಿಗೆ. ಒಳಗೆ ನಲವತ್ತೊಂದು ಕಡತಗಳು, ಸಂಖ್ಯೆಯ ಕ್ರಮದಲ್ಲಿ. ಹುಳ ಹಿಡಿಯದಂತೆ ನಡುನಡುವೆ ಒಣಗಿದ ಲ್ಯಾವೆಂಡರ್ ಹೂವಿನ ಬಟ್ಟೆಚೀಲಗಳು.

"ಯಾಕೆ ಇಟ್ಕೊಂಡ್ರಿ? ಸುಟ್ಟುಹಾಕಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಕೋರ್ಟಿನ ಕಾಗದ ಡೇಲ್! ಸುಡೋಕೆ ನಾನ್ಯಾರು?"

ಕರ್ಟಿಸ್ ಮಹಜರಿಗೆ ಒಂದೊಂದೇ ಸಂಖ್ಯೆ ಬರೆದುಕೊಳ್ಳುತ್ತಿದ್ದ. ಡೇಲ್ ಪ್ರಶ್ನೆ ಮುಂದುವರಿಸಿದ.

"ಟ್ಯಾಕೆಟ್ ಕಳೆದ ವಾರ ಕಿಟಕಿಗೆ ಬಂದಾಗ ಏನಂದ್ರಿ?"

"ಜಾಗದಲ್ಲಿ ಇಲ್ಲ ಅಂದೆ. ಅದು ಸುಳ್ಳಲ್ಲ."

"ಅವನಿಗೆ ಯಾಕೆ ಬೇಕು ಅಂತ ಗೊತ್ತಿತ್ತಾ?"

"ನಾನು ಯಾರನ್ನೂ ಯಾಕೆ ಅಂತ ಕೇಳಲ್ಲ. ಕೇಳ್ಬಾರ್ದು ಅಂತ ನಿಯಮ." ಅವರ ಧ್ವನಿ ತಗ್ಗಿತು. "ತನ್ನ ಹಳೇದು ಎಲ್ಲಾ ಅಳಿಸಿದ್ಯಾ ಅಂತ ನೋಡೋಕೆ ಬಂದಿರ್ಬೇಕು, ಕಡತ ಇಲ್ಲ ಅಂತ ಹೇಳಿದ್ರೆ ನೆಮ್ಮದಿಯಾಗಿ ಮನೆಗೆ ಹೋಗ್ತಾನೆ ಅಂದ್ಕೊಂಡೆ. ಮಂಗಳವಾರ ಅವನು ನಿನ್ನ ಜೊತೆ ಬಂದಾಗ ಮುಖ ಎತ್ತಿ ನೋಡೋಕಾಗ್ಲಿಲ್ಲ. ಯಾಕೆ ಡೇಲ್? ಏನಾಗಿದೆ ಅವನಿಗೆ?"

ಡೇಲ್ ರಾಜ್ಯದಿಂದ ಬಂದ ಕಾಗದದ ನಕಲನ್ನು ಅವರ ಮುಂದಿಟ್ಟ. ಮೊಮ್ಮಗಳ ವಿಷಯ ಹೇಳಿದ. ಲೊರೀನ್ ಕನ್ನಡಕ ಸರಿಮಾಡಿಕೊಂಡು ಆ ಒಂದು ಸಾಲನ್ನು ಬಹಳ ಹೊತ್ತು ಓದಿದರು.

"ಬಂಧನ ಅವರ ಹತ್ರ ಇದೆ. ಕೊನೆ ಇಲ್ಲ."

"ಬಂಧನದ ಸಾಲು ಬೆರಳಚ್ಚಿನ ಜೊತೇನೇ ಅವತ್ತೇ ಹೋಗಿರುತ್ತೆ. ತೀರ್ಪು ಕಳ್ಸೋದು ಯಾರೋ ಮರೆತಿದಾರೆ, ಮೂವತ್ತು ವರ್ಷದ ಹಿಂದೆ. ಇದ್ದಿದ್ದು ನಿಮ್ಮ ಕಪಾಟಲ್ಲಿ ಮಾತ್ರ."

"ಅಂದ್ರೆ ನಾನು ತೆಗ್ದಿದ್ದು…" ಲೊರೀನ್ ಕುರ್ಚಿಯಲ್ಲಿ ಕುಳಿತರು. "ಕಾಗದ ಹೋದ್ರೆ ಕತೆ ಮುಗೀತು ಅಂದ್ಕೊಂಡಿದ್ದೆ. ನಾನು ಇವರ ಕತೆಯಿಂದ ಒಳ್ಳೇ ಹಾಳೆಗಳನ್ನೇ ಕಿತ್ಕೊಂಡಿದೀನಿ."

ಕರ್ಟಿಸ್‌ನ ಪೆನ್ನು ನಿಂತಿತ್ತು.

9.05ಕ್ಕೆ ಬಂಧನ. ಡೇಲ್ ಬೇಡಿ ಹಾಕಲಿಲ್ಲ. ಬಾಗಿಲ ಬಳಿ ಲೊರೀನ್ ತಿರುಗಿದರು.

"ಕರ್ಟಿಸ್, ಕೇಳಿಲ್ಲಿ. ಟ್ಯಾಕೆಟ್ ಕಡತದಲ್ಲಿ ಕೊನೇ ಹಾಳೆ, ಹಳದಿ ಬಣ್ಣದ್ದು, ಅದೇ ತೀರ್ಪು. ಅದರ ದೃಢೀಕೃತ ನಕಲು ಬೇಕು. ಮೊಹರಿನ ಯಂತ್ರ ಹಿಡ್ಕೊಳ್ಳುತ್ತೆ, ಮುಖ್ಯ ಗುಮಾಸ್ತ ಗಾರ್ತ್‌ಗೆ ಗೊತ್ತಿಲ್ಲ. ಅರ್ಧ ಒತ್ತಿ ಒಂದು ಉಸಿರು ನಿಲ್ಲು, ಆಮೇಲೆ ಮೈಭಾರ ಹಾಕು. ಮೊಹರು ಮೂಡ್ದಿದ್ರೆ ಆ ಕೋರ್ಟು ತಗೊಳಲ್ಲ."

"ಆಯ್ತಮ್ಮ," ಎಂದ ಕರ್ಟಿಸ್. ಅಲ್ಲಿಯವರೆಗೆ ಅವನು ಅವರನ್ನು ಹಾಗೆ ಕರೆದಿರಲಿಲ್ಲ.

ಹೇಳಿಕೆಯನ್ನು ಹನ್ನೊಂದು ಗಂಟೆಗೆ ಬರೆದುಕೊಳ್ಳಲಾಯಿತು. ಕೊನೆಯಲ್ಲಿ ಡೇಲ್ ಕೇಳಿದ: "ಮೊದಲನೇ ಕಡತ. 1998ರ ನವೆಂಬರ್. ರಾಯ್ ಆಮ್ಸ್ಲರ್. ಯಾರವರು?"

"ಶಾಲೆ ಅಡುಗೆಮನೇಲಿ ಬ್ರೆಡ್ ಮಾಡ್ತಿದ್ದ. ಹಳೇ ಕಾಲದಲ್ಲಿ ಏನೋ ಒಂದು ಚೆಕ್ಕು ತಿದ್ದಿದ್ದ. ಒಬ್ಬಾಕೆ ಬಂದು ಅವನ ದಾಖಲೆ ಕೇಳಿದ್ಳು. ಹುಟ್ಟಿದ ದಿನ ಗೊತ್ತಿರ್ಲಿಲ್ಲ ಅವಳಿಗೆ. ನಾನೇ ಹುಡುಕಿಕೊಟ್ಟೆ. ಒಟ್ಟಿಗೆ ಹುಡುಕೋಣ ಅಂತ ಬರೆದಿದೀನಲ್ಲ." ಲೊರೀನ್ ಕರವಸ್ತ್ರವನ್ನು ಮಡಚಿ, ಮತ್ತೆ ಮಡಚಿದರು. "ಆ ದಾಖಲೆಯಿಂದ ಅವನ ಕೆಲಸ ಹೋಯ್ತು. ಅವನು ಕಿಟಕಿಗೆ ಬಂದ. ಬೈತಾನೆ ಅಂದ್ಕೊಂಡೆ. 'ನೀವು ನಿಮ್ಮ ಕೆಲಸ ಮಾಡಿದ್ರಿ ಮೇಡಂ, ಬೇಜಾರ್ ಮಾಡ್ಕೋಬೇಡಿ' ಅಂದ. ಒಂದು ಮಿಠಾಯಿ ತಗೊಂಡು ಹೋದ. ಮೂರು ವಾರಕ್ಕೆ ನದೀಲಿ ಸಿಕ್ಕಿದ."

"ಕಾರ್ಡಿನ ಮೇಲೆ ನವೆಂಬರ್ 20 ಅಂತಿದೆ."

"ಮಣ್ಣು ಮಾಡಿದ ಮಾರನೇ ದಿನ. ಅವನಿಗೆ ಅದರಿಂದ ಏನೂ ಆಗಬೇಕಿರ್ಲಿಲ್ಲ. ನನಗೇ ಸುಮ್ಮನಿರೋಕಾಗ್ಲಿಲ್ಲ."

ಶುಕ್ರವಾರ 2.35ಕ್ಕೆ ಕರ್ಟಿಸ್ ದೃಢೀಕೃತ ನಕಲನ್ನು ವೆಂಡೆಲ್‌ನ ಕೈಗೆ ಕೊಟ್ಟ. ಮೊಹರು ಮೂಡಿತ್ತು, ಕಾಗದದ ಹಿಂಭಾಗವನ್ನು ಬೆರಳಿನಿಂದ ಸವರಿದರೂ ತಿಳಿಯುತ್ತಿತ್ತು. ಐದು ಗಂಟೆಗೆ ಟೆಸ್ಸಾ ತಾತನ ಹಳೆಯ ಪಿಕಪ್ ಗಾಡಿಯಲ್ಲಿ ಕುಳಿತಿದ್ದಳು. ಅವಳ ಬಟ್ಟೆಯ ಚೀಲವನ್ನು ಕರ್ಟಿಸ್ ಗಾಡಿಗೆ ಏರಿಸಿಕೊಟ್ಟ. ಉಳಿದ ಕಡತಗಳ ನಲವತ್ತು ಮಂದಿಯಲ್ಲಿ ಎಷ್ಟು ಜನ ಆ ಕಿಟಕಿಯಿಂದ ಬರಿಗೈಯಲ್ಲಿ ಮರಳಿದ್ದರೋ, ಯಾರೂ ಲೆಕ್ಕ ಇಟ್ಟಿರಲಿಲ್ಲ.

ಲೊರೀನ್ ಕಿಬ್ಲರ್ ಜನವರಿಯಲ್ಲಿ ತಪ್ಪೊಪ್ಪಿಕೊಂಡರು. ಸರ್ಕಾರಿ ದಾಖಲೆಯನ್ನು ಅಪಹರಿಸುವುದು ಘೋರಾಪರಾಧಗಳ ಸಾಲಿನಲ್ಲಿ ಬರುತ್ತದೆ. ಜೈಲಿಲ್ಲದೆ, ಅಧಿಕಾರಿಯ ನಿಗಾದಲ್ಲಿ ಎರಡು ವರ್ಷ ಕಳೆಯುವ ಶಿಕ್ಷೆಯಾಯಿತು. ನ್ಯಾಯಾಧೀಶರಿಗೆ ಬಂದ ಪತ್ರಗಳಲ್ಲಿ ಒಂದು ಟೈರ್ ಅಂಗಡಿಯ ವಿಳಾಸದಿಂದ ಬಂದಿತ್ತು. ಅದರಲ್ಲಿ ದೂರಿನ ಮಾತೇ ಇರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಡೇಲ್ ಬೀದಿ ದಾಟಿ ಆ ಕಿಟಕಿಗೆ ಹೋದ. ಹಳದಿಯಾದ ಸೂಚನೆ ಹಾಗೇ ಇತ್ತು. ಮಿಠಾಯಿಯ ಬಟ್ಟಲು ಖಾಲಿ. ಹೊಸ ಗುಮಾಸ್ತೆಯಿಂದ ಅರ್ಜಿ ಪಡೆದು ತುಂಬಿದ. ಪೂರ್ತಿ ಹೆಸರು: ಲೊರೀನ್ ಆಡಾ ಕಿಬ್ಲರ್. ಹುಟ್ಟಿದ ದಿನ ಅವನಿಗೆ ಗೊತ್ತಿತ್ತು. ಪ್ರತಿ ವರ್ಷ ಆ ದಿನ ಕಚೇರಿಗೆಲ್ಲ ಅವರೇ ಕೇಕ್ ತರುತ್ತಿದ್ದರು.

"ಯಾಕೆ ಬೇಕು ಸಾರ್ಜೆಂಟ್?" ಎಂದು ಕೇಳಿ, ಆಕೆ ತುಟಿ ಕಚ್ಚಿಕೊಂಡಳು. "ಕ್ಷಮಿಸಿ. ಕೇಳಬಾರದು ಅಲ್ವಾ."

ನೆಲಮಾಳಿಗೆಯ ಕಪಾಟಿನಿಂದ ಅವನೇ ಕಡತ ತೆಗೆದ. ಗುಲಾಬಿ ಕಾರ್ಡಿನ ಮೇಲೆ ತನ್ನ ಹೆಸರು, ದಿನಾಂಕ ಬರೆದು ಸಂದಿನಲ್ಲಿ ನಿಲ್ಲಿಸಿದ. ನಿಂತಲ್ಲೇ ಹಾಳೆಗಳನ್ನು ಮಗುಚಿ ಕೊನೆಗೆ ಬಂದ. ತೀರ್ಪು ಇತ್ತು. ಅದು ರಾಜ್ಯದ ಬೆರಳಚ್ಚು ವಿಭಾಗಕ್ಕೂ ತಲುಪಿದ ರಶೀದಿಯನ್ನು ಜೊತೆಗೆ ಪಿನ್ ಮಾಡಿದ್ದರು. ಎರಡನ್ನೂ ಇನ್ನೊಮ್ಮೆ ಓದಿದ.

ಆಮೇಲೆ ಕಡತವನ್ನು ಅದರ ಜಾಗಕ್ಕೆ ಸೇರಿಸಿ, ಕಾರ್ಡನ್ನು ತೆಗೆದ.